ಹುಚ್ಚು ವಿಜ್ಞಾನಿಯ ಸಾವು

"ಇನ್ನೂ ಹೊಗೆ ಬಿಡ್ರಯ್ಯಾ! ಇದು ವಿಜ್ಞಾನಿಯ ಲ್ಯಾಬೋ, ಬಚ್ಚಲುಮನೆಯೋ?" ಎಂದು ನಿರ್ದೇಶಕ ಗದರಿದ. ಕೆಲಸದವರು ಸೆಟ್ಟಿನ ನಡುವಿನ ಗಾಜಿನ ಗೂಡಿನೊಳಗೆ ಹೊಗೆ ಕಾರುವ ಡ್ರೈ ಐಸನ್ನು ಇನ್ನೊಂದು ಬಕೆಟ್ ಸುರಿದು ಬಾಗಿಲು ಹಾಕಿದರು.

ಒಳಗೆ, ಕೆದರಿದ ಬಿಳಿ ವಿಗ್ಗಿನಡಿ ಇದ್ದವನು ಮೇಕಪ್ ಅಕ್ಕನ ಒಡಹುಟ್ಟಿದ ತಮ್ಮ. ಲೋಕವನ್ನೇ ಸುಡಲು ಹೊರಟ ಹುಚ್ಚು ವಿಜ್ಞಾನಿ ತಾನು ಮಾಡಿದ ವಿಷಗಾಳಿಗೆ ತಾನೇ ಬಲಿಯಾಗುವ ದೃಶ್ಯ. ವರ್ಷಗಟ್ಟಲೆ ಗುಂಪಿನಲ್ಲಿ ಗೋವಿಂದ ಎಂದು ನಿಂತವನಿಗೆ ಮೊದಲ ಸಲ ಮುಖ ಕಾಣುವ ಪಾತ್ರ ಸಿಕ್ಕಿತ್ತು. "ಅಕ್ಕಾ, ನಾನು ಬಿದ್ದೆ ಅಂತ ಪೌಡರ್ ಡಬ್ಬಿ ಹಿಡ್ಕೊಂಡು ಓಡಿ ಬಂದ್ಬಿಟ್ಟೀಯ! ಟೇಕ್ ಕೆಟ್ರೆ ನನ್ನ ಕಥೆ ಮುಗೀತು," ಎಂದು ಹೇಳಿಯೇ ಒಳಗೆ ಹೋಗಿದ್ದ.

ಸಲಹೆಗೆಂದು ಕರೆಸಿದ್ದ ನಿಜವಾದ ವಿಜ್ಞಾನಿ ಕುರ್ಚಿಯಿಂದ ಎದ್ದರು. "ಬಾಗಿಲು ತೆಗೆಸಿ ಸ್ವಾಮಿ. ಮುಚ್ಚಿದ ಜಾಗದಲ್ಲಿ ಆ ಹೊಗೆ ಉಸಿರು ಕಟ್ಟಿಸುತ್ತೆ."

"ಸುಮ್ನೆ ಕೂತ್ಕೊಳಿ ಸಾರ್. ನೀವು ಬ್ಯಾಂಕ್ ಗುಮಾಸ್ತರ ಥರ ಇದೀರ, ನಿಮ್ಮನ್ನ ಯಾರು ನಂಬ್ತಾರೆ? ವಿಜ್ಞಾನಿ ಅಂದ್ರೆ ಅಲ್ನೋಡಿ!" ನಿರ್ದೇಶಕ ಗಾಜಿನತ್ತ ಕೈ ತೋರಿಸಿದ. ಎಲ್ಲರೂ ನಕ್ಕರು. ಅಕ್ಕನಿಗೂ ನಗು ಬಂತು.

ಕ್ಯಾಮೆರಾ ಓಡಿತು. ತಮ್ಮ ಗಹಗಹಿಸಿದ, ಕೆಮ್ಮಿದ, ಎರಡೂ ಕೈಯಿಂದ ಗಾಜು ಬಡಿದ, ಮುಖವನ್ನು ಗಾಜಿಗೆ ಒತ್ತಿಕೊಂಡೇ ಕುಸಿದ.

"ಭಲೇ! ಯಾರೂ ಅಲ್ಲಾಡ್ಬೇಡಿ," ನಿರ್ದೇಶಕ ಪಿಸುಗುಟ್ಟಿದ. ಅಕ್ಕ ಒಂದು ಹೆಜ್ಜೆ ಮುಂದಿಟ್ಟು ನಿಂತಳು. ಗಾಜು ಬಡಿಯುವುದು ದೃಶ್ಯದಲ್ಲಿತ್ತೇ? ಎಷ್ಟು ಯೋಚಿಸಿದರೂ ನೆನಪಾಗಲೊಲ್ಲದು. ಓಡಿದರೆ ತಮ್ಮನ ಅನ್ನಕ್ಕೆ ಕಲ್ಲು. ಓಡದಿದ್ದರೆ?

"ತುಟಿ ನೋಡಮ್ಮಾ, ನೀಲಿಗಟ್ಟಿದೆ!" ವಿಜ್ಞಾನಿ ಅವಳ ತೋಳು ಹಿಡಿದು ಅಲುಗಿಸಿದರು.

"ಅದು ಬಣ್ಣ ಸಾರ್. ವಿಷ ಕುಡಿದವನ ಹಾಗೆ ಕಾಣ್ಲಿ ಅಂತ ನಾನೇ ಬಳಿದದ್ದು." ಹೇಳುತ್ತಿದ್ದಂತೆಯೇ ಅವಳು ಗಾಜಿನಾಚೆಯ ಆ ತುಟಿಯನ್ನೇ ದಿಟ್ಟಿಸಿದಳು. ನಿಜಕ್ಕೂ ನೀಲಿಗಟ್ಟಿದ್ದರೆ ಈಗ ಯಾರಿಗೆ ತಾನೇ ತಿಳಿದೀತು?

ನಿರ್ದೇಶಕ ಬೈಯುತ್ತಿದ್ದರೂ ಓಡಿಹೋಗಿ ಬಾಗಿಲು ಎಳೆದಳು. ವಿಜ್ಞಾನಿಯೂ ಅವಳೂ ಸೇರಿ ಅವನನ್ನು ಹೊರಗೆಳೆದು ಮಲಗಿಸಿದರು. ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. "ಏಳೋ, ಟೇಕ್ ಮುಗೀತು ಕಣೋ, ಏಳೋ ಮರಿ..." ಸೊಂಟದ ಚೀಲದಿಂದ ಹತ್ತಿ ತೆಗೆದು ಅವನ ತುಟಿ ಒರೆಸಿದಳು. ಹತ್ತಿಯೆಲ್ಲ ನೀಲಿಯಾಯಿತು. ಇನ್ನೊಂದು ತೆಗೆದು ಬಲವಾಗಿ ಉಜ್ಜಿದಳು.

ಈ ಸಲ ಹತ್ತಿ ಬೆಳ್ಳಗೇ ಉಳಿಯಿತು. ತುಟಿಯ ನೀಲಿ ಹೋಗಲಿಲ್ಲ.