ಕುಂಕುಮದ ಕೆಳಗಿದ್ದ ಪ್ರಶ್ನೆ

ಅದೊಂದು ಸಣ್ಣ ಊರಿನ ಸಮುದಾಯ ರೇಡಿಯೋ... ಒಂದೇ ಕೋಣೆ, ಒಂದೇ ಕಂಪ್ಯೂಟರ್.

ಸುತ್ತಲ ಹಳ್ಳಿಯ ಹೆಂಗಸರು ಹಾಡಿದ ಪದಗಳೆಲ್ಲ ಅದರೊಳಗೇ ಇದ್ದವು. ಬೇರೆಲ್ಲೂ ಇನ್ನೊಂದು ಪ್ರತಿ ಇರಲಿಲ್ಲ.

ಅದಕ್ಕೆ ಲಿನಕ್ಸ್ ಎಂಬ ಬಿಟ್ಟಿ ಸಿಸ್ಟಮ್ ಹಾಕಿಕೊಟ್ಟವಳು ಅಲ್ಲಿಯ ಟೆಕ್ನಿಷಿಯನ್ ನಫೀಸಾ. ಅಪ್‌ಡೇಟಿಗೂ ನಕಲು ತೆಗೆಯಲೂ ಬೇಕಾದ ಪಾಸ್‌ವರ್ಡ್ ಮಾತ್ರ ಮುಖ್ಯಸ್ಥ ಷಣ್ಮುಖಪ್ಪನವರ ಹತ್ತಿರ!

ಆಯುಧಪೂಜೆಯ ದಿನ ಅವರು ಕಂಪ್ಯೂಟರಿಗೆ ಚೆಂಡುಹೂವಿನ ಹಾರ ಹಾಕಿದರು. ಪರದೆಯ ಮೂಲೆಗೆ ದಪ್ಪಗೆ ವಿಭೂತಿ, ಕುಂಕುಮ ಬಳಿದರು.

"ಸರ್, ಅಪ್‌ಡೇಟ್ ಸೂಚನೆ ಬರೋದು ಆ ಮೂಲೇಲೇ. ಈಗಲೇ ಮಾಡಿಬಿಡ್ಲಾ? ಪದಗಳನ್ನೂ ಇನ್ನೊಂದು ಕಡೆ ತೆಗೆದಿಡ್ತೀನಿ," ಎಂದಳು ನಫೀಸಾ.

"ಹೋದ ಸಲ ಮಾಡಿದಾಗ ಅರ್ಧ ದಿನ ರೇಡಿಯೋ ಮೂಕಾಗಿತ್ತು, ಮರೆತ್ಯಾ? ಓಡ್ತಿರೋದನ್ನ ಯಾಕೆ ಕೆದಕ್ತೀಯಮ್ಮ?"

"ಈ ಸಿಸ್ಟಮ್‌ನಲ್ಲಿ ಕಳ್ಳರು ನುಗ್ಗೋ ತೂತು ಸಿಕ್ಕಿದೆ ಸರ್. ಗುರುತು ಪರಿಚಯ ಇಲ್ಲದ ಜನ ಕೂತು ಅದನ್ನ ಮುಚ್ಚೋ ಅಪ್‌ಡೇಟ್ ಮಾಡಿ ಕಳಿಸಿದ್ದಾರೆ... ಬಿಟ್ಟಿಯಾಗಿ. ನಾವು ಹೂಂ ಅಂದ್ರೆ ಸಾಕು."

"ಬಿಟ್ಟಿ ಸಿಸ್ಟಮ್‌ಗೆ ಯಾವ ಕಳ್ಳ ಬರ್ತಾನೆ?"

ಪೂಜೆಗೆ ಸೇರಿದ್ದವರೆಲ್ಲ ನಕ್ಕರು. ಮಂಡಕ್ಕಿ ಹಂಚಿದರು.

ಮುಂದಿನ ಪೂಜೆಯವರೆಗೆ ಕುಂಕುಮ ಒರೆಸಬಾರದೆಂದೂ ಅಪ್ಪಣೆಯಾಯಿತು.

ಸುಗ್ಗಿಯ ಹೊತ್ತಿಗೆ ಕಳ್ಳ ಬಂದ... ಬಾಗಿಲಿನಿಂದಲ್ಲ, ಇಂಟರ್‌ನೆಟ್ಟಿನಿಂದ. ಎಲ್ಲ ಫೈಲುಗಳಿಗೂ ಬೀಗ ಜಡಿದು ಹೋದ. ಆ ಬೀಗ ತೆಗೆಯಬಲ್ಲವರು ಯಾರೂ ಸಿಗಲಿಲ್ಲ.

ಅದೇ ವಾರ ಹೊನ್ನೂರಮ್ಮ ಬಂದರು. ಸೋಬಾನೆ ಪದಕ್ಕೆ ಹೆಸರಾದವರು. ಗಂಟಲಿನ ಕ್ಯಾನ್ಸರ್ ಆಪರೇಷನ್ ಆಗಿ ದನಿ ಪೂರ್ತಿ ಹೋಗಿತ್ತು.

ಅವರ ಪರವಾಗಿ ಮಗಳು ದುರುಗಮ್ಮ ಮಾತಾಡಿದಳು.

"ನಮ್ಮವ್ವನ ಪದ ಪೆನ್‌ಡ್ರೈವ್‌ಗೆ ಹಾಕಿಕೊಡ್ರಿ. ನನ್ನ ಮಗಳ ಮದಿವಿ ಐತಿ. ಅಜ್ಜಿ ಪದ ಇಲ್ದೆ ಅರಿಶಿಣಕ್ಕೆ ಕೂರಲ್ಲ ಅಂತ ಹಟ ಹಿಡದಾಳ."

ನಫೀಸಾ ತಲೆ ತಗ್ಗಿಸಿ ನಡೆದದ್ದನ್ನು ಹೇಳಿದಳು.

ಷಣ್ಮುಖಪ್ಪ ನಡುವೆ ಬಾಯಿ ಹಾಕಿದರು. "ಮಿಷಿನ್ ಅಂದ್ಮೇಲೆ ಕೆಡ್ತದೆ ತಾಯಿ. ಎಲ್ಲಾ ದೇವರಿಚ್ಛೆ. ನೋಡಿ, ನಾವಂತೂ ಪೂಜೇಲಿ ಏನೂ ಕಮ್ಮಿ ಮಾಡಿಲ್ಲ..."

ಹೊನ್ನೂರಮ್ಮ ಆ ಕುಂಕುಮವನ್ನು ನೋಡಿದರು. ಎದ್ದರು. ಸೆರಗಿನ ತುದಿಯನ್ನು ಎಂಜಲಿನಿಂದ ಒದ್ದೆ ಮಾಡಿ, ಪರದೆಯನ್ನು ಉಜ್ಜತೊಡಗಿದರು.

"ಅಯ್ಯೋ, ಒರೆಸಬಾರದು ತಾಯಿ!"

ಅವರು ನಿಲ್ಲಿಸಲಿಲ್ಲ... ಒಣಗಿದ ಕುಂಕುಮ ಪುಡಿಪುಡಿಯಾಗಿ ಉದುರಿತು. ಕೆಳಗೆ, ಇನ್ನೂ ಬೆಳಗುತ್ತಿದ್ದ ಪರದೆಯಲ್ಲಿ, ಸಣ್ಣ ಅಕ್ಷರಗಳು ಕಂಡವು.

"ಏನಂತ ಬರದೈತಿ?" ದುರುಗಮ್ಮ ಕೇಳಿದಳು.

"ಸುರಕ್ಷತಾ ಅಪ್‌ಡೇಟ್ ಸಿದ್ಧವಿದೆ. ಈಗ ಮಾಡಬಹುದೇ?" ನಫೀಸಾ ಓದಿದಳು.

"ಯಾವಾಗಿಂದ ಕೇಳಾಕತ್ತಿತ್ತು?"

"ಆಯುಧಪೂಜೆಯಿಂದ..."

ಹೊನ್ನೂರಮ್ಮ ಷಣ್ಮುಖಪ್ಪನವರತ್ತ ತಿರುಗಿ ಬಾಯಿ ತೆರೆದರು. ಕತ್ತಿನ ನರ ಉಬ್ಬಿತು.

ಬರೀ ಗಾಳಿ ಬಂತು.

ಬೈಯಲೂ ದನಿಯಿಲ್ಲದ ಆ ಮುದುಕಿ, ಕೆಂಪಾದ ಸೆರಗನ್ನು ಅವರ ಮುಖದೆದುರು ಹಿಡಿದು ನಿಂತರು.

ಷಣ್ಮುಖಪ್ಪ ಅತ್ತರು.

ಅತ್ತರೆ ಬೀಗ ತೆರೆಯುತ್ತದೆಯೇ?

*ಕಾಪಾಡು ಎಂದು ಕೈ ಮುಗಿಯುವ ಮೊದಲು, ನಾವು ಕಾಪಾಡಬೇಕಾದದ್ದನ್ನು ಕಾಪಾಡಿರಬೇಕು.*

ಇದನ್ನು ಓದುತ್ತಿರುವ ಫೋನಿನಲ್ಲೇ, 'ಆಮೇಲೆ' ಎಂದು ಒತ್ತಿ ನೀವು ಬಾಯಿ ಮುಚ್ಚಿಸಿದ ಪ್ರಶ್ನೆ ಯಾವುದು?