ಮೂರು ಸಲ ಕೂಗಿದ ಹೆಸರು

ಗಂಡ ಹಿತ್ತಲ ಬಾಗಿಲಲ್ಲಿ ನಿಂತು ಮೊದಲನೆಯ ಹೆಸರನ್ನು ಮೂರು ಸಲ ಗಟ್ಟಿಯಾಗಿ ಕೂಗಿದ. ಒಳಗೆ ಬಂದು, "ಬೇಡ. ಸರಗಳ್ಳನ ಹೆಸರು," ಎಂದ. ತೊಟ್ಟಿಲ ಪಕ್ಕ ಕೂತಿದ್ದ ಹೆಂಡತಿ ಚೀಟಿಯಲ್ಲಿ ಬರೆದಿದ್ದ ಆ ಹೆಸರಿನ ಮೇಲೆ ಗೀಟು ಎಳೆದಳು. ಮಗನಿಗೆ ಐದು ವಾರ. ಜನನ ಪತ್ರದ ಅರ್ಜಿಯಲ್ಲಿ ಹೆಸರು ತುಂಬಿ ನಾಳೆ ಕೊಡಲೇಬೇಕು.

"ಎರಡನೇದು?"

ಅದನ್ನೂ ಕೂಗಿ ಬಂದ. "ಅಣ್ಣತಮ್ಮಂದಿರ ಹೊಡೆದಾಟ. ಒಬ್ಬನ ಕಿವೀನೇ ಹೋಯ್ತು."

"ಮೂರನೇದು?"

"ಎರಡು ಮದುವೆ ಕೇಸು. ಇಬ್ರು ಹೆಂಡ್ತೀರೂ ಒಂದೇ ಆಟೋದಲ್ಲಿ ಬಂದಿಳಿದ್ರು."

ಗಂಡ ಕೋರ್ಟಿನ ಜವಾನ. ಬಾಗಿಲಲ್ಲಿ ನಿಂತು ಕೇಸಿನವರ ಹೆಸರನ್ನು ಮೂರು ಸಲ ಕೂಗುವುದು ಅವನ ಕೆಲಸ; ಮೂರಕ್ಕೂ ಓಗೊಡದವನು ಬಂದಿಲ್ಲವೆಂದೇ ಅರ್ಥ. ಹನ್ನೊಂದು ವರ್ಷ ಕೂಗಿ ಕೂಗಿ ಗಂಡಸರ ಹೆಸರುಗಳೆಲ್ಲ ಅವನ ಬಾಯಲ್ಲಿ ಕೆಟ್ಟುಹೋಗಿದ್ದವು. ಇವತ್ತು ಅವನು ಕೂಗಿದಾಗೆಲ್ಲ ಮಗು ಬೆಚ್ಚಿಬೀಳುತ್ತಿತ್ತು. ಗೋಡೆಯಾಚೆ ಬಟ್ಟೆ ಒಗೆಯುತ್ತಿದ್ದ ಪಕ್ಕದ ಮನೆಯಾಕೆ, "ಹಾಜರಿದ್ದೀನಿ ಸ್ವಾಮೀ!" ಎಂದು ನಗುತ್ತಿದ್ದಳು.

ಚೀಟಿಯ ಕೊನೆಯ ಹೆಸರನ್ನು ಅವಳು ಮೆಲ್ಲಗೆ ಹೇಳಿದಳು. ಹೊಟ್ಟೆಯಲ್ಲಿದ್ದಾಗಲೇ ಮಗುವನ್ನು ಕರೆದು ಮಾತಾಡಿಸಿದ ಹೆಸರು ಅದು.

"ಅದು ಬೇಡ," ಎಂದ ಗಂಡ. ಹಿತ್ತಲಿಗೆ ಹೋಗಲೇ ಇಲ್ಲ.

"ಯಾವ ಕೇಸು?"

"ಕೇಸೇನಿಲ್ಲ. ಚೆನ್ನಾಗಿಲ್ಲ, ಅಷ್ಟೆ."

"ಕೂಗಿ ನೋಡ್ಲೇ ಇಲ್ವಲ್ಲ?"

"ಗಂಟಲು ನೋವು ಕಣೇ."

ಈಗಷ್ಟೇ ಪಕ್ಕದ ಮನೆಗೆ ಕೇಳಿಸಿದ ಗಂಟಲು! ಅವಳ ಮನಸ್ಸಿನಲ್ಲಿ ಏನೋ ಚುಚ್ಚಿತು. ಮದುವೆಯಾದ ಮೇಲೆ ಗಂಡ ಗಂಟಲು ನೋವು ಎಂದದ್ದು ಒಂದೇ ಸಲ, ಹೋದ ಬೇಸಿಗೆಯಲ್ಲಿ. ಅವಳು ಉಪ್ಪುನೀರು ಕಾಯಿಸುತ್ತಿರುವಾಗಲೇ ಬೀದಿ ಕೊನೆಯಲ್ಲಿ ಹೋಗುತ್ತಿದ್ದ ತರಕಾರಿಯವನನ್ನು ಒಂದೇ ಕೂಗಿಗೆ ನಿಲ್ಲಿಸಿದ್ದ. ಈಗ ತೊಟ್ಟಿಲಿಗೆ ಗಾಳಿ ಬೀಸುತ್ತಿರುವ ಟೇಬಲ್ ಫ್ಯಾನು ಮನೆಗೆ ಬಂದದ್ದೂ ಅವತ್ತೇ. 'ವಕೀಲರ ಮನೇಲಿ ಎರಡಿತ್ತಂತೆ, ಒಂದು ಕೊಟ್ರು' ಎಂದಿದ್ದ.

"ಯಾರ್ರೀ ಅವನು, ಆ ಹೆಸರಿನೋನು?"

"ಅಯ್ಯೋ, ಬಿಡಲ್ವಲ್ಲ ನೀನು! ಹೋದ ಬೇಸಿಗೇಲಿ ಬಂದಿದ್ದ ಮನೆ ಕೇಸಿನೋನು. ಮೂರು ಸಲ ಕೂಗಿದೆ, ಬರ್ಲಿಲ್ಲ. ಕೇಸೂ ಹೋಯ್ತು, ಮನೇನೂ ಹೋಯ್ತು. ಅದಕ್ಕೆ ನಾನೇನು ಮಾಡ್ಲಿ?"

"ಪಾಪ, ಊರಲ್ಲಿರಲಿಲ್ವೇನೋ."

"ಊರಲ್ಲಿಲ್ದೆ ಏನು? ವರಾಂಡದ ಬೆಂಚಲ್ಲೇ ಕೂತಿದ್ದ, ಊಟದ ಡಬ್ಬಿ ತೊಡೆ ಮೇಲಿಟ್ಕೊಂಡು..." ಗಂಡ ತಟ್ಟನೆ ಬಾಯಿ ಮುಚ್ಚಿಕೊಂಡ.

ಅವಳು ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. "ಒಂದು ಸಲ ಕೂಗ್ರಿ. ಕೇಳೋಣ."

ಗಂಡ ಹಿತ್ತಲ ಬಾಗಿಲಿಗೆ ಹೋಗಿ ನಿಂತ. ಕೂಗಿದ, ಮೂರು ಸಲ. ಗೋಡೆಯಾಚೆ ಬಟ್ಟೆ ಒಗೆಯುವ ಸದ್ದು ನಿಲ್ಲಲಿಲ್ಲ. ಯಾರೂ ಓಗೊಡಲಿಲ್ಲ. ನಾಲ್ಕು ಹೆಜ್ಜೆ ದೂರದಲ್ಲಿದ್ದ ಮಗು ಬೆಚ್ಚಲೂ ಇಲ್ಲ.

"ಅವತ್ತೂ ಇಷ್ಟೇ ಜೋರಾಗಿ ಕೂಗಿದ್ರಾ?"

ಅವನು ಅವಳ ಮುಖ ನೋಡಲಿಲ್ಲ. ನೋಡಿದ್ದು ಫ್ಯಾನನ್ನು.

ಅವಳು ಬಗ್ಗಿ ಫ್ಯಾನಿನ ಪ್ಲಗ್ಗು ಕಿತ್ತಳು. ಒಂದು ಕೈಯಲ್ಲಿ ಮಗುವನ್ನು ಹಿಡಿದುಕೊಂಡೇ ಕೂತು, ಅರ್ಜಿಯಲ್ಲಿ ಆ ಕೊನೆಯ ಹೆಸರನ್ನು ದಪ್ಪ ದಪ್ಪವಾಗಿ ಬರೆದಳು.

"ಇನ್ನು ದಿನಾ ಕೂಗ್ಬೇಕಲ್ಲ," ಎಂದಳು ತಲೆಯೆತ್ತದೆ. "ಗಂಟಲು ಸರಿ ಮಾಡ್ಕೊಳ್ಳಿ."