ಕಲ್ಲಿಲ್ಲದ ಅಕ್ಕಿ

ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದ ಮೇಲೂ ಅವಳಿಗೆ ಮನೆಗೆಲಸ ಮುಗಿಯುತ್ತಿರಲಿಲ್ಲ. ಊಟವಾದ ಮೇಲೆ ಮಗಳ ಜೊತೆ ಮೊರದ ಮುಂದೆ ಕೂತು ನಾಳೆಯ ಅಕ್ಕಿಯಲ್ಲಿ ಕಲ್ಲು ಆರಿಸಬೇಕಿತ್ತು. ಮಗಳು ಶಾಲೆಯ ಸುದ್ದಿಯನ್ನೆಲ್ಲ ಹೇಳುತ್ತಿದ್ದುದು ಆಗಲೇ.

ಸಂಬಳವಾದ ದಿನ ಅವಳು ಪ್ಯಾಕೆಟ್ ಅಕ್ಕಿ ತಂದಳು.

"ಇದ್ರಲ್ಲಿ ಒಂದ್ ಕಲ್ಲೂ ಇರಾಕಿಲ್ಲ ಮಗ. ಆರ್ಸೋ ಕಾಟ ತಪ್ತು."

ಉಳಿದ ಹೊತ್ತಿನಲ್ಲಿ ಅವಳು ಬಟ್ಟೆ ಒಗೆಯತೊಡಗಿದಳು. ಮಗಳು ಸುಮ್ಮನೆ ಹೋಗಿ ಮಲಗತೊಡಗಿದಳು.

ಕೆಲವು ದಿನ ಕಳೆದ ಮೇಲೆ, ಉಣ್ಣುವಾಗ ಗಂಡನ ಹಲ್ಲಿಗೆ ಕಟುಕ್ಕೆಂದು ಕಲ್ಲು ಸಿಕ್ಕಿತು.

"ಇದೇನಮ್ಮೀ, ದುಡ್ಡು ಕೊಟ್ಟು ಕಲ್ಲು ತಂದಿದ್ದೀಯಲ್ಲ!" ಎಂದ ಅವನು.

"ನಾಳೆನೇ ಆ ಅಂಗಡಿಯೋನ ಮಕಕ್ಕೆ ಎಸೆದು ಬತ್ತೀನಿ," ಎಂದಳು ಅವಳು.

"ಬ್ಯಾಡ ಕಣವ್ವ, ಪಾಪ," ಎನ್ನುತ್ತ ಮಗಳು ಎದ್ದು ಮೊರ ತಂದಿಟ್ಟಳು. "ನಾವೇ ಆರ್ಸಾನ."

ಕಲ್ಲು ಆರಿಸುತ್ತ ಮಗಳು ಹೇಳಿದ, ಮೇಷ್ಟ್ರು ಕುರ್ಚಿಯಿಂದ ಜಾರಿ ಬಿದ್ದ ಸುದ್ದಿ ಕೇಳಿ ತಾಯಿ ಅಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮರುದಿನ ಮಗಳ ಯೂನಿಫಾರ್ಮ್ ನೆನೆಹಾಕುವಾಗ ಜೇಬಿನಿಂದ ಹಿಡಿಯಷ್ಟು ಸಣ್ಣ ಕಲ್ಲುಗಳು ಉದುರಿದವು.

ಅವಳು ಅತ್ತಿತ್ತ ನೋಡಿ, ಅವನ್ನು ಚೆನ್ನಾಗಿ ತೊಳೆದು, ಸೆರಗಿನಲ್ಲಿ ಒರೆಸಿ, ಅಕ್ಕಿಯ ಡಬ್ಬಕ್ಕೆ ಸುರಿದಳು.